ಕಾರವಾರದ ವಲಸೆ ಹಕ್ಕಿಗಳಿಗೆ ನಿಕಾನ್ ಮೊನಾರ್ಕ್ ಎಂ5 8×42 ಸಾಕೆ?

ಅಕ್ಟೋಬರಿನಲ್ಲಿ ಕಾಳಿ ಅಳಿವೆಗೆ ಬಂದಿಳಿಯುವ ದಂಡೆಹಕ್ಕಿಗಳು ಹೆಚ್ಚಿನವು ಬೂದು, ಇಲ್ಲವೇ ಕಂದು. ಸಂತಾನಕಾಲದ ಬಣ್ಣ ಕಳಚಿಕೊಂಡೇ ಬಂದಿರುತ್ತವೆ. ಗುರುತು ಹಿಡಿಯಬೇಕಾದದ್ದು ಕೊಕ್ಕು, ಕಾಲು, ರೆಕ್ಕೆಯ ಪಟ್ಟಿಯಿಂದ. ಅದಕ್ಕೆ ನೋಟ ಅಲುಗಬಾರದು. ಕಡಲಗಾಳಿಯಲ್ಲಿ 10×42 ದುರ್ಬೀನು (ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂಗಾಜಿನ ಅಗಲ, ಮಿ.ಮೀ. ಲೆಕ್ಕದಲ್ಲಿ) ಹಿಡಿದರೆ ಕೈಯ ನಡುಕವೂ ಹತ್ತು ಪಟ್ಟು. ದೋಣಿಯಲ್ಲಂತೂ ಅದನ್ನು ಮರೆತೇಬಿಡಿ. ಎಂಟು ಪಟ್ಟಿನ ದುರ್ಬೀನೇ ಇಲ್ಲಿಗೆ ಸರಿ. ಬೆಳಕಿನ ಲಾಭವೂ ಇದೆ. ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತದ ಅಗಲ 42ನ್ನು 8ರಿಂದ ಭಾಗಿಸಿದರೆ 5.3 ಮಿ.ಮೀ., 10ರಿಂದ ಭಾಗಿಸಿದರೆ 4.2. ಮಸುಕು ಬೆಳಗಿನಲ್ಲಿ ಈ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ.

ಎಂ5 ತೂಕ 630 ಗ್ರಾಂ. ಅರ್ಧ ದಿನ ಕತ್ತಿಗೆ ನೇತುಹಾಕಿಕೊಂಡರೆ ಭಾರವೇ. ಎರಡೂ ಹೆಗಲಿಗೆ ಬರುವ ಪಟ್ಟಿ ಹಾಕಿಸಿ. ಕಣ್ಣಿಗೂ ಗಾಜಿಗೂ 19.5 ಮಿ.ಮೀ. ಅಂತರ ಸಿಗುವುದರಿಂದ ಕನ್ನಡಕದವರಿಗೆ ಹೇಳಿ ಮಾಡಿಸಿದ್ದು. ಅವರು ಕಣ್ಣಿನ ಬಟ್ಟಲನ್ನು ಪೂರ್ತಿ ಕೆಳಗೆ ತಿರುಗಿಸಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಸುತ್ತ ಕಪ್ಪು ಕಾಣುತ್ತದೆ.

‘ಚಿತ್ರ ಮಸುಕು’ ಎಂಬ ದೂರಿನ ಮೂಲ ಸಾಮಾನ್ಯವಾಗಿ ಗಾಜಲ್ಲ, ಹೊಂದಿಸದೆ ಬಿಟ್ಟ ಬಲಗಣ್ಣಿನ ಉಂಗುರ. ಬಲಗಣ್ಣು ಮುಚ್ಚಿ, ದೂರದ ಕಂಬವೊಂದನ್ನು ನಡುವಿನ ಚಕ್ರದಿಂದ ಸ್ಪಷ್ಟ ಮಾಡಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ ಬಲಗಡೆಯ ಉಂಗುರವನ್ನಷ್ಟೇ ತಿರುಗಿಸಿ. ಉಂಗುರ ಎಲ್ಲಿ ನಿಂತಿತೆಂದು ನೆನಪಿಡಿ, ಚೀಲದಿಂದ ತೆಗೆದಾಗಲೆಲ್ಲ ನೋಡಿಕೊಳ್ಳಿ.

ಕಾರವಾರದ ಬೀಚು, ದೇವಬಾಗ, ಮಾಜಾಳಿ ಎಲ್ಲವೂ ಪಶ್ಚಿಮಕ್ಕೆ ಮುಖ ಮಾಡಿವೆ. ಹಾಗಾಗಿ ಬೆಳಗಿನ ಬಿಸಿಲು ಬೆನ್ನಿಗೆ, ಸಂಜೆಯದು ಕಣ್ಣಿಗೆ. ಹತ್ತು ಗಂಟೆಯ ನಂತರ ಮರಳಿನ ಝಳಕ್ಕೆ ಚಿತ್ರ ನಡುಗುತ್ತದೆ. ಎಷ್ಟು ದುಬಾರಿ ಗಾಜಿದ್ದರೂ ಅದಕ್ಕೆ ಮದ್ದಿಲ್ಲ. ಭರತ-ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ, ಬೆಳಗ್ಗೆಯೇ ನೀರು ಏರುತ್ತಿರುವ ದಿನ ಆರಿಸಿ. ಪೂರ್ತಿ ಇಳಿತದಲ್ಲಿ ಹಕ್ಕಿಗಳು ದೂರದ ಕೆಸರಿನಲ್ಲಿ ಚೆದುರಿರುತ್ತವೆ, ಏರುವ ನೀರು ಅವನ್ನು ದಡದ ಕಡೆಗೆ ತಳ್ಳುತ್ತದೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿ ಸೇರಿದ ಅಘನಾಶಿನಿ ಅಳಿವೆಗೂ ಇದೇ ಲೆಕ್ಕ.

ಹಾರುವ ಗಲ್‌ಗಳ (ಕಡಲಹಕ್ಕಿಗಳು) ರೆಕ್ಕೆತುದಿಯ ಕಪ್ಪಿನಲ್ಲಿ ಬಿಳಿ ಚುಕ್ಕೆ ಇದೆಯೇ, ಬಾಗುಕೊಕ್ಕಿನ ವಿಂಬ್ರೆಲ್ ತಲೆಯ ಮೇಲೆ ಪಟ್ಟಿ ಇದೆಯೇ ಎಂಬುದನ್ನು ಎಂ5 ಸಲೀಸಾಗಿ ತೋರಿಸುತ್ತದೆ. ಸೋಲುವುದು ಸ್ಯಾಂಡ್ ಪ್ಲವರ್ ಎಂಬ ಪುಟ್ಟ ದಂಡೆಹಕ್ಕಿಗಳ ಮುಂದೆ. ಇವುಗಳಲ್ಲಿ ಗ್ರೇಟರ್ ಎಂಬ ಜಾತಿಗೆ ಉದ್ದ, ದಪ್ಪ ಕೊಕ್ಕು, ಹಸಿರು ಛಾಯೆಯ ಉದ್ದ ಕಾಲು. ಟಿಬೆಟನ್ ಜಾತಿಗೆ ಕಪ್ಪು ಛಾಯೆಯ ಕಾಲು, ಆದರೆ ಅದರ ಕೊಕ್ಕೂ ಗಿಡ್ಡವೇನಲ್ಲ. ಒದ್ದೆ ಮರಳು ಮೆತ್ತಿದ ಕಾಲಿನ ಬಣ್ಣವನ್ನು ದೂರದಿಂದ ನಂಬುವಂತಿಲ್ಲ. ಇವಕ್ಕೆ ಮುಕ್ಕಾಲಿಯ ಮೇಲಿನ ಸ್ಕೋಪೇ ಬೇಕು. ಇಲ್ಲವಾದರೆ ‘ಸ್ಯಾಂಡ್ ಪ್ಲವರ್’ ಎಂದಷ್ಟೇ ಬರೆದುಕೊಳ್ಳುವುದು ಪ್ರಾಮಾಣಿಕತನ.

ನೀರು ನುಗ್ಗದಂತೆ ಮುಚ್ಚಿರುವುದರಿಂದ ಮಧ್ಯಾಹ್ನದ ಗುಡುಗುಮಳೆಗೆ ಹೆದರಬೇಕಿಲ್ಲ, ಒಳಗೆ ನೈಟ್ರೋಜನ್ ತುಂಬಿರುವುದರಿಂದ ಒಳಗಾಜು ಮಂಜುಗಟ್ಟುವುದಿಲ್ಲ. ಎಸಿ ಕಾರಿನಿಂದ ಇಳಿದಾಗ ಹೊರಗಾಜು ಮಂಜುಗಟ್ಟುತ್ತದೆ, ಹತ್ತು ನಿಮಿಷ ಬಿಡಿ. ನಿಜವಾದ ಶತ್ರು ಉಪ್ಪು. ಅಂಗಿಯ ತುದಿಯಿಂದ ಒರೆಸಿದರೆ ಉಪ್ಪು-ಮರಳಿನ ಹರಳು ಲೇಪನವನ್ನೇ ಗೀರುತ್ತದೆ. ಮೊದಲು ಬ್ಲೋವರಿನಿಂದ ಊದಿ, ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆ ಆಡಿಸಿ, ಕೊನೆಗೆ ಲೆನ್ಸ್ ಬಟ್ಟೆ. ಮಳೆಗಾಲ ಪೂರ್ತಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ, ಚರ್ಮದ ಚೀಲದಲ್ಲಿ ಬೂಸು ಬರುತ್ತದೆ.

ಶಿರಸಿ ಕಡೆಯ ಕಾಡು-ತೋಟಗಳಲ್ಲೇ ಹೆಚ್ಚು ತಿರುಗುವವರಿಗೆ ಮಾತ್ರ ಇದರ 6.4 ಡಿಗ್ರಿ ನೋಟ ಕಿರಿದು: 20 ಮೀಟರ್ ದೂರದಲ್ಲಿ ಕಾಣುವುದು ಎರಡೂಕಾಲು ಮೀಟರ್ ಅಗಲ. ಎಲೆಯಿಂದ ಎಲೆಗೆ ಜಿಗಿಯುವ ವಾರ್ಬ್ಲರ್ ಅಷ್ಟರಲ್ಲಿ ನಿಲ್ಲುವುದಿಲ್ಲ. ಅವರು ಇನ್ನಷ್ಟು ಹಣ ಹಾಕಿ ನಿಕಾನಿನದೇ 8.3 ಡಿಗ್ರಿಯ ಮೊನಾರ್ಕ್ ಎಂ7 8×42 ಕೊಳ್ಳುವುದು ಮೇಲು.