ಲಿಬರಲ್ ಆರ್ಟ್ಸ್ ಕಾಲೇಜಿಗೆ ಹೋಗುವವರು ಈ ಕನ್ಸಲ್ಟೆನ್ಸಿಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

5ಕ್ಕೆ 2 ಸ್ಟಾರ್. ಆ ಎರಡೂ ಇಂಗ್ಲಿಷ್ ಪರೀಕ್ಷೆಗೆ ತಯಾರಿ ಮಾಡಿಸಿದ ಮೇಡಂಗೆ. ತುಂಬಾ ತಾಳ್ಮೆಯಿಂದ ಹೇಳಿಕೊಡುತ್ತಾರೆ, ಕನ್ನಡ ಮೀಡಿಯಂ ಮಕ್ಕಳಿಗೂ ಭಯ ಬಿಡಿಸುತ್ತಾರೆ. ವಿದೇಶದ ಕಾಲೇಜಿಗೆ ಅರ್ಜಿ ಹಾಕಿಸುವ ಉಳಿದ ಕೆಲಸದ ಬಗ್ಗೆಯೇ ನನ್ನ ತಕರಾರು. ಕೊಡಗು ಚಿಕ್ಕ ಜಿಲ್ಲೆ, ಆಫೀಸಿನ ಹೆಸರು ಬರೆಯುವುದಿಲ್ಲ.

ಮಗಳು ಗೋಣಿಕೊಪ್ಪದಲ್ಲಿ ಸೆಕೆಂಡ್ ಪಿಯು ಸೈನ್ಸ್ ಓದುತ್ತಿದ್ದಾಳೆ. ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜಿಗೆ ಹೋಗಬೇಕು ಅಂತ ಅವಳ ಆಸೆ. ಸೇರುವಾಗಲೇ ಒಂದು ವಿಷಯಕ್ಕೆ ಕಟ್ಟಿಹಾಕದೆ ಸೈನ್ಸ್, ಆರ್ಟ್ಸ್ ಬೆರೆಸಿ ಡಿಗ್ರಿ ಓದಿಸುವ ಕಾಲೇಜುಗಳು ಇವು. ಕೌನ್ಸೆಲರ್ ಕೇಳಿದ ಮೊದಲ ಮಾತೇ "ಸೈನ್ಸ್ ತಗೊಂಡು ಈಗ ಆರ್ಟ್ಸ್ ಯಾಕಮ್ಮಾ? ಕಂಪ್ಯೂಟರ್ ಸೈನ್ಸ್‌ಗೆ ಇಂಗ್ಲೆಂಡಿನಲ್ಲಿ ಸೀಟು ಕೊಡಿಸ್ತೀವಿ." ಈ ಕಾಲೇಜುಗಳಲ್ಲಿ ಫಿಸಿಕ್ಸ್, ಬಯಾಲಜಿ, ಮ್ಯಾಥ್ಸ್ ಎಲ್ಲವೂ ಇದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಕಂಪ್ಯೂಟರ್ ಚಿಪ್ ಕಂಪನಿ ಇಂಟೆಲ್ ಕಟ್ಟಿದವರಲ್ಲಿ ಒಬ್ಬರಾದ ರಾಬರ್ಟ್ ನಾಯ್ಸ್ 1949ರಲ್ಲಿ ಡಿಗ್ರಿ ಮುಗಿಸಿದ್ದು ಅಯೋವಾದ ಗ್ರಿನೆಲ್ ಕಾಲೇಜಿನಲ್ಲಿ, ಅದೂ ಒಂದು ಲಿಬರಲ್ ಆರ್ಟ್ಸ್ ಕಾಲೇಜೇ. ಇಂಗ್ಲೆಂಡ್, ಆಸ್ಟ್ರೇಲಿಯಾದ ಎಷ್ಟೋ ಯೂನಿವರ್ಸಿಟಿಗಳು ಮಗು ಸೇರಿದರೆ ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಅಮೆರಿಕದ ಈ ಹಳೆಯ ಕಾಲೇಜುಗಳಿಂದ ಸಾಮಾನ್ಯವಾಗಿ ಅದು ಸಿಗುವುದಿಲ್ಲ. ಹಾಗಾಗಿ ಯಾವ ದೇಶದ ಹೆಸರು ಮತ್ತೆ ಮತ್ತೆ ಬರುತ್ತದೆ ಅಂತ ಸ್ವಲ್ಪ ಕಿವಿಗೊಟ್ಟು ಕೇಳಿ.

ಆಮೇಲೆ ಪ್ರಬಂಧ. "ನಮ್ಮ ಕಾಲೇಜೇ ಯಾಕೆ ಬೇಕು?" ಅಂತ ಹೆಚ್ಚಿನ ಕಾಲೇಜುಗಳು ಬರೆಸುತ್ತವೆ. ಇವರು ಒಂದು ರೆಡಿ ಫೈಲು ಕೊಟ್ಟರು. ವಿಶ್ವಪ್ರಸಿದ್ಧ ಪ್ರೊಫೆಸರುಗಳು, ಸುಂದರ ಕ್ಯಾಂಪಸ್, ನಾಯಕತ್ವದ ಗುಣ. ಕಾಲೇಜಿನ ಹೆಸರು ಬರಬೇಕಾದ ಕಡೆ ಹಳದಿ ಬಣ್ಣ ಹಚ್ಚಿ ಖಾಲಿ ಬಿಟ್ಟಿದ್ದರು. ಮೂರನೇ ಪ್ಯಾರಾದಲ್ಲಿ ಬೇರೆ ಯಾವುದೋ ಯೂನಿವರ್ಸಿಟಿಯ ಹೆಸರು ಹಾಗೇ ಉಳಿದುಕೊಂಡಿತ್ತು. ಇದಕ್ಕೇನಾ ನಾವು ಎರಡು ಕಂತಲ್ಲಿ ಫೀಸು ಕಟ್ಟಿದ್ದು?

ಮಗಳ ಹತ್ತಿರ ಉತ್ತರ ಇತ್ತು, ಯಾರೂ ಕೇಳಿರಲಿಲ್ಲ ಅಷ್ಟೇ. ನಮ್ಮ ತೋಟಕ್ಕೆ ಅಂಟಿಕೊಂಡೇ ಊರಿನ ದೇವರಕಾಡು ಇದೆ. ಕೊಡಗಿನಲ್ಲಿ ಇಂಥ ಕಾಡು 1,200ಕ್ಕಿಂತ ಜಾಸ್ತಿ ಇವೆ, ಎಷ್ಟೋ ಕಡೆ ಕಾಫಿ ಒಳಗೆ ನುಗ್ಗಿ ಅಂಚು ಸವೆದಿದೆ. ಒಳಗೆ ಯಾವ ಮರ ಉಳಿದಿದೆ ಅನ್ನೋದು ಬಾಟನಿ. ಗಡಿ ಯಾವಾಗ ಯಾಕೆ ಸರಿಯಿತು ಅನ್ನೋದು ಹಳೆಯ ಕಂದಾಯ ದಾಖಲೆಯ ಚರಿತ್ರೆ. ಅರಣ್ಯ ಇಲಾಖೆಯದ್ದೋ ಊರಿನದ್ದೋ ಅನ್ನೋದು ಕಾನೂನು. ಕತ್ತಿ ಹಾಕಬಾರದು ಅಂತ ಊರವರು ಇವತ್ತಿಗೂ ಹೆದರುವುದು ಯಾಕೆ ಅನ್ನೋದಕ್ಕೆ ಇನ್ನೊಂದೇ ಓದು ಬೇಕು. ಇಲ್ಲಿ ಡಿಗ್ರಿಗೆ ಸೇರುವಾಗಲೇ ಇದರಲ್ಲಿ ಒಂದನ್ನು ಹಿಡಿದು ಉಳಿದದ್ದನ್ನು ಬಹುಮಟ್ಟಿಗೆ ಬಿಡಬೇಕು. ಅಮೆರಿಕದ ಆ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಎರಡನೇ ವರ್ಷದ ಕೊನೆಯವರೆಗೆ ಮುಖ್ಯ ವಿಷಯ ಘೋಷಿಸಬೇಕಾಗಿಲ್ಲ. ಗ್ರಿನೆಲ್‌ನಲ್ಲಂತೂ ಎಲ್ಲರೂ ತೆಗೆದುಕೊಳ್ಳಲೇಬೇಕಾದ ಕೋರ್ಸು ಮೊದಲ ವರ್ಷದ ಟ್ಯುಟೋರಿಯಲ್ ಒಂದೇ. ಜೊತೆಗೆ ಹುಲ್ಲುಗಾವಲು ಅಧ್ಯಯನ ಮಾಡಲು ಕಾಲೇಜಿನದ್ದೇ 365 ಎಕರೆ ಜಾಗ ಇದೆ. ಮಾಸ್ಟರ್ಸ್, ಪಿಎಚ್‌ಡಿ ವಿದ್ಯಾರ್ಥಿಗಳೇ ಇಲ್ಲದ ಕಾಲೇಜಾದ್ದರಿಂದ ಪ್ರೊಫೆಸರುಗಳು ಡಿಗ್ರಿ ಮಕ್ಕಳನ್ನೇ ಸಂಶೋಧನೆಗೆ ಜೊತೆಗೆ ಕರೆದುಕೊಳ್ಳುತ್ತಾರೆ. ಇದನ್ನೆಲ್ಲ ಅವಳು ಬರೆದುಕೊಂಡು ಹೋದಾಗ ಕೌನ್ಸೆಲರ್ "ತುಂಬಾ ಲೋಕಲ್ ಆಯ್ತು" ಅಂತ ಕೆಂಪು ಗೆರೆ ಎಳೆದು ವಾಪಸ್ ಕೊಟ್ಟರು. ನನಗೆ ಹೊಟ್ಟೆ ಉರಿದುಹೋಯಿತು. ಆ ಹುಡುಗಿಯ ಹತ್ತಿರ ಇದ್ದ ಬಂಡವಾಳವೇ ಅದು.

ಎಲ್ಲಕ್ಕಿಂತ ಕೆಟ್ಟದ್ದು ಹಣಕಾಸಿನ ಸಲಹೆ. ಊಟ ವಸತಿ ಸೇರಿ ಇಂಥ ಕಾಲೇಜುಗಳ ಖರ್ಚು ವರ್ಷಕ್ಕೆ 80,000 ಡಾಲರ್ ದಾಟುತ್ತದೆ. ನೆರವು ಸಿಗದೆ ನಮ್ಮಂಥವರು ಆ ಕಡೆ ತಲೆ ಹಾಕುವಂತಿಲ್ಲ. ಆಮ್ಹರ್ಸ್ಟ್, ಬೋಡನ್ ಥರದ ಬೆರಳೆಣಿಕೆಯ ಕಾಲೇಜುಗಳು ವಿದೇಶಿ ಮಕ್ಕಳನ್ನೂ ದುಡ್ಡು ಇದೆಯೋ ಇಲ್ಲವೋ ನೋಡದೆ ಆರಿಸುತ್ತವೆ. ಹೆಚ್ಚಿನವು ನೆರವು ಕೊಟ್ಟರೂ ಎಷ್ಟು ನೆರವು ಬೇಕು ಅನ್ನುವುದನ್ನೂ ಆಯ್ಕೆಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಈ ವ್ಯತ್ಯಾಸ ಅವರು ಹೇಳಲೇ ಇಲ್ಲ. ಬದಲಿಗೆ "ತೋಟ ಇದೆ ಅಂತ ಫಾರ್ಮಲ್ಲಿ ಹಾಕಬೇಡಿ" ಅಂದರು! ನೆರವು ಕೇಳಲು ತುಂಬುವ ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಫಾರ್ಮಿನಲ್ಲಿ ಆಸ್ತಿ, ಆದಾಯ ಎಲ್ಲ ಕೇಳುತ್ತಾರೆ. ಅಲ್ಲಿ ಸುಳ್ಳು ಸಿಕ್ಕಿಬಿದ್ದರೆ ಸೀಟೂ ಹೋಗುತ್ತದೆ, ಮಗುವಿನ ಮಾನವೂ ಹೋಗುತ್ತದೆ. ನಮ್ಮದು ಜಮ್ಮಾ ಜಾಗ, ಅಂದರೆ ಮನೆತನಕ್ಕೆ ತಲೆಮಾರಿನಿಂದ ಬಂದ ಜಮೀನು, ಪಹಣಿ ಇವತ್ತಿಗೂ ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರಲ್ಲಿದೆ, ಪಾಲುದಾರರು ಹಲವರು, ಕಾಫಿ ಮಾರಿದಾಗ ವರ್ಷಕ್ಕೊಮ್ಮೆ ದುಡ್ಡು ಬರುತ್ತದೆ, ಮಳೆ ಕೈಕೊಟ್ಟ ವರ್ಷ ಅದೂ ಅರ್ಧ. ಇದನ್ನು ಮುಚ್ಚಿಡುವುದಲ್ಲ, ಬಿಡಿಸಿ ಬರೆಯಬೇಕು.

ಹಾಗೆ ಬರೆಯಲು ದಾರಿ ತೋರಿಸಿದ್ದು ಎಜುಕೇಷನ್‌ಯುಎಸ್‌ಎ. ಅಮೆರಿಕದ ವಿದೇಶಾಂಗ ಇಲಾಖೆಯ ಸಲಹಾ ಜಾಲ ಅದು, ಆನ್‌ಲೈನ್ ಮಾಹಿತಿ ಸಭೆಗಳಿಗೆ ದುಡ್ಡಿಲ್ಲ, ಯಾವ ಕಾಲೇಜಿಗೂ ಏಜೆಂಟ್ ಅಲ್ಲ. ಮಳೆಗೆ ಕರೆಂಟ್ ಹೋಗಿ ನೆಟ್ ಕಟ್ಟಾದದ್ದು ಬಿಟ್ಟರೆ ಬೇರೆ ದೂರಿಲ್ಲ. "ನಿಮ್ಮ ಮನೆಯ ಆದಾಯ ಹೇಗೆ ಬರುತ್ತದೋ ಹಾಗೇ ವಿವರಿಸಿ" ಅಂದರು. ವಿಶೇಷ ಪರಿಸ್ಥಿತಿ ಇದ್ದರೆ ಬರೆಯಲು ಫಾರ್ಮಿನಲ್ಲೇ ಜಾಗ ಇದೆ. ಕಾಫಿ ಮಾರಿದ ಬಿಲ್ಲು, ತಹಶೀಲ್ದಾರರ ಆದಾಯ ಪತ್ರ, ಅದರ ಇಂಗ್ಲಿಷ್ ಅನುವಾದ ಮೊದಲೇ ಸಿದ್ಧ ಇಟ್ಟುಕೊಳ್ಳಿ. ಅರ್ಜಿಯ ಕೊನೆ ದಿನ ಹಲವು ಕಡೆ ಜನವರಿ ಮೊದಲ ವಾರ, ಆಗ ಇಲ್ಲಿ ಕಾಫಿ ಕುಯ್ಲಿನ ಗಡಿಬಿಡಿ.

ದೇವರಕಾಡಿನ ಪ್ರಬಂಧವನ್ನೇ ಮಗಳು ಕಳಿಸಿದ್ದಾಳೆ. ಉತ್ತರ ಮಾರ್ಚ್ ಕೊನೆಗೆ. ಜೊತೆಗೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ಯೂನಿವರ್ಸಿಟಿಗೂ ಹಾಕಿಸಿದ್ದೇವೆ, ಮನೆಯ ಆದಾಯ ನೋಡಿ ಫೀಸು ಇಳಿಸುತ್ತಾರೆ, ಅಲ್ಲೂ ಬೇರೆ ಬೇರೆ ವಿಷಯ ಬೆರೆಸಿ ಓದಬಹುದು.

ಈ ಕನ್ಸಲ್ಟೆನ್ಸಿಗೆ ಇಂಗ್ಲಿಷ್ ಪರೀಕ್ಷೆಗೆ ಮಾತ್ರ ಹೋಗುವುದಾದರೆ ಧಾರಾಳವಾಗಿ ಹೋಗಿ. ಪೂರ್ತಿ ಪ್ಯಾಕೇಜ್ ತಗೊಳ್ಳಿ ಅಂತ ಒತ್ತಾಯ ಮಾಡಿದರೆ, ಲಿಬರಲ್ ಆರ್ಟ್ಸ್ ಕಾಲೇಜಿಗೆ ಇದುವರೆಗೆ ಯಾರನ್ನು ಕಳಿಸಿದ್ದೀರಿ, ಅವರ ಮನೆಯವರ ಜೊತೆ ಮಾತಾಡಿಸ್ತೀರಾ ಅಂತ ಕೇಳಿ. ಎರಡನೇ ಕಂತು ವಾಪಸ್ ಕೇಳಿ ಪತ್ರ ಕೊಟ್ಟಿದ್ದೇನೆ, ಇನ್ನೂ ಬಂದಿಲ್ಲ.