ಹದಿನಾರು ವಾರಗಳ ಇಂಟರ್ನ್‌ಶಿಪ್: ಕಲಿಸುವ ಮಾರ್ಗದರ್ಶಕಿ, ಕಾಯಿಸುವ ಕಚೇರಿ

ವಿಟಿಯುದ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್‌ನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮದಲ್ಲಿ ಓದುವವರಿಗೆ ಕೊನೆಯ ವರ್ಷದಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಾಗಿರುವುದರಿಂದ, ಹಣ ಕಟ್ಟಿಸಿಕೊಂಡು ಸರ್ಟಿಫಿಕೇಟ್ ಬರೆದುಕೊಡುವವರಿಗೂ ಬೆಂಗಳೂರಿನಲ್ಲಿ ಒಳ್ಳೆಯ ವ್ಯಾಪಾರವಿದೆ. ನಾನು ಸೇರಿದ್ದು ಅಂಥ ಜಾಗವಲ್ಲ. ಅದು ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ, ಗೋದಾಮುಗಳ ಸರಕಿನ ಲೆಕ್ಕವಿಡುವ ಸಾಫ್ಟ್‌ವೇರ್ ತಯಾರಿಸುವ ಮಧ್ಯಮ ಗಾತ್ರದ ಕಂಪನಿ. ಹೆಸರು ಇಲ್ಲಿ ಬೇಡ. ಒಂದು ಕೋಡಿಂಗ್ ಪರೀಕ್ಷೆ ಮತ್ತು ಎರಡು ಸುತ್ತಿನ ಸಂದರ್ಶನದ ನಂತರ ಆಯ್ಕೆಯಾಯಿತು. ತಿಂಗಳಿಗೆ 15,000 ರೂಪಾಯಿ ಸ್ಟೈಪೆಂಡ್. ಪಿಜಿ ವಸತಿಗೆ 9,000 ಕೊಟ್ಟ ಮೇಲೆ ಉಳಿದದ್ದರಲ್ಲಿ ಆಗಾಗ ಹಾಸನಕ್ಕೆ ಹೋಗಿಬರಲು ತೊಂದರೆಯಾಗಲಿಲ್ಲ.

ಆರಂಭ ಮಾತ್ರ ನಿರಾಶೆ ಹುಟ್ಟಿಸುವಂತಿತ್ತು. ಲ್ಯಾಪ್‌ಟಾಪ್ ಕೈಗೆ ಬಂದದ್ದು ಒಂಬತ್ತನೆಯ ದಿನ, ಕೋಡ್ ನೋಡಲು ಅನುಮತಿ ಸಿಕ್ಕಿದ್ದು ಅದಾದ ನಾಲ್ಕು ದಿನಕ್ಕೆ. ಇಂಟರ್ನ್‌ಗಳು ಬರುವ ದಿನಾಂಕ ತಿಂಗಳ ಮೊದಲೇ ಗೊತ್ತಿದ್ದ ಕಚೇರಿಗೆ ಇದಕ್ಕೆ ಯಾವ ಸಬೂಬೂ ಇಲ್ಲ.

ನಿಜವಾದ ಕೆಲಸ ಶುರುವಾದದ್ದು ನಾಲ್ಕನೆಯ ವಾರದಲ್ಲಿ, ಒಂದು ದೂರಿನಿಂದ. ಬೆಂಗಳೂರಿನ ಗ್ರಾಹಕರೊಬ್ಬರ ದಿನದ ವರದಿಯಲ್ಲಿ ಸರಕಿನ ಸಂಖ್ಯೆ ಅವರ ರಿಜಿಸ್ಟರಿಗೆ ತಾಳೆಯಾಗುತ್ತಿರಲಿಲ್ಲ. ಡೇಟಾಬೇಸಿನಲ್ಲಿ ಸಮಯ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ) ದಾಖಲಾಗುತ್ತಿತ್ತು, ವರದಿಯೂ ಅದೇ ದಿನಾಂಕವನ್ನು ಹಿಡಿದು ಲೆಕ್ಕ ಕೂಡುತ್ತಿತ್ತು. ನಮ್ಮ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವುದರಿಂದ, ಮಧ್ಯರಾತ್ರಿಯಿಂದ ಬೆಳಗಿನ 5.30ರವರೆಗೆ ಇಳಿಸಿದ ಸರಕೆಲ್ಲ ಹಿಂದಿನ ದಿನದ ಖಾತೆಗೆ ಸೇರುತ್ತಿತ್ತು. ಭಾರಿ ವಾಹನಗಳಿಗೆ ಹಗಲಿನ ದಟ್ಟಣೆಯ ವೇಳೆ ನಿರ್ಬಂಧವಿರುವ ಊರಿನಲ್ಲಿ ಲಾರಿಗಳು ಬಂದು ನಿಲ್ಲುವುದೇ ಆ ಹೊತ್ತಿಗೆ!

ನಾನು ಸಮಯಕ್ಕೆ ಐದೂವರೆ ಗಂಟೆ ಕೂಡಿಸುವ ಒಂದು ಸಾಲು ಬರೆದು, ಕೆಲಸ ಮುಗಿಯಿತೆಂದು ಪರಿಶೀಲನೆಗೆ ಕಳುಹಿಸಿದೆ. ಮಾರ್ಗದರ್ಶಕಿ (ಅಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು, ನನ್ನ ಬಾಯಿಗೆ ಕೊನೆಯವರೆಗೂ ಬಂದದ್ದು 'ಮೇಡಂ' ಮಾತ್ರ) ಅದನ್ನು ಒಪ್ಪಲೂ ಇಲ್ಲ, ತಾವೇ ತಿದ್ದಲೂ ಇಲ್ಲ. "ದುಬೈ ಗೋದಾಮಿಗೆ ಎಷ್ಟು ಕೂಡಿಸ್ತೀರಿ?" ಎಂದು ಕೇಳಿದರು. ನಾಲ್ಕು ಗಂಟೆ ಎಂದು ಪಟ್ಟಿ ಮಾಡಿಕೊಂಡು ಹೋದರೆ, "ಲಂಡನ್‌ಗೆ?" ಎಂದರು. ಅಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಯಾವ ಒಂದು ಸಂಖ್ಯೆಯೂ ವರ್ಷವಿಡೀ ನಡೆಯದು. ಕೊನೆಗೆ ಪ್ರತಿ ಗೋದಾಮಿನ ದಾಖಲೆಯಲ್ಲೂ ಅದರ ಸಮಯ ವಲಯದ ಹೆಸರನ್ನೇ ಉಳಿಸಿ, ದಿನಾಂಕವನ್ನು ಅದರಿಂದ ಲೆಕ್ಕ ಹಾಕುವಂತೆ ಬದಲಾಯಿಸಿದೆ. ಮಧ್ಯರಾತ್ರಿಯ ಆಚೆಈಚೆಗಿನ ಒಂದೊಂದು ನಿಮಿಷಕ್ಕೂ, ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸುವ ಕೋಡ್ (ಟೆಸ್ಟ್) ಬರೆದೆ. ಒಂದು ಸಾಲಿನ ಕೆಲಸಕ್ಕೆ ಹನ್ನೊಂದು ದಿನ ಹಿಡಿಯಿತು. ನಾಲ್ಕು ವರ್ಷಗಳ ಲ್ಯಾಬ್‌ಗಳಲ್ಲಿ ಔಟ್‌ಪುಟ್ ಬಂದರೆ ಸಾಕು, ರೆಕಾರ್ಡ್ ಪುಸ್ತಕಕ್ಕೆ ಸಹಿ ಬೀಳುತ್ತಿತ್ತು. ಬಂದ ಔಟ್‌ಪುಟ್ಟನ್ನೇ ಅನುಮಾನಿಸಬೇಕೆಂದು ಯಾರೂ ಹೇಳಿರಲಿಲ್ಲ.

ಆದರೆ ಕಲಿಕೆಯೆಲ್ಲ ಆ ಮಾರ್ಗದರ್ಶಕಿಯೊಬ್ಬರ ಮೇಲೆಯೇ ನಿಂತಿತ್ತೆಂಬುದು ಅವರು ಮೂರು ವಾರ ರಜೆ ಹಾಕಿದಾಗ ತಿಳಿಯಿತು. ಬದಲಿಗೆ ಯಾರನ್ನೂ ನೇಮಿಸಲಿಲ್ಲ. ನಾನು ಕಳುಹಿಸಿದ ಎರಡು ಬದಲಾವಣೆಗಳನ್ನು ಯಾರೂ ತೆರೆದು ನೋಡಲಿಲ್ಲ. ಬೆಳಗಿನ ಹದಿನೈದು ನಿಮಿಷದ ಸಭೆಯಲ್ಲಿ "ಪರಿಶೀಲನೆಗೆ ಕಾಯುತ್ತಿದ್ದೇನೆ" ಎಂಬ ಒಂದೇ ವಾಕ್ಯವನ್ನು ದಿನವೂ ಒಪ್ಪಿಸಿ ಕೂರುತ್ತಿದ್ದೆ.

ಈ ಕಂಪನಿಗೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆಯೂ ಕಚೇರಿಯ ವ್ಯವಸ್ಥೆಗೇ ಸೇರಿದ್ದು. ಇಲ್ಲಿಗೆ ಸೇರುವವರು ತಮ್ಮ ಕೋಡನ್ನು ಯಾರು ಪರಿಶೀಲಿಸುತ್ತಾರೆ, ಅವರಿಲ್ಲದಾಗ ಯಾರು ನೋಡುತ್ತಾರೆ ಎಂದು ಸಂದರ್ಶನದಲ್ಲೇ ಕೇಳಿಕೊಳ್ಳುವುದು ಒಳಿತು. ಸರ್ಟಿಫಿಕೇಟಿಗೆ ಹದಿನಾಲ್ಕನೆಯ ವಾರದಲ್ಲೇ ಇಮೇಲ್ ಹಾಕಿ; ನನ್ನದು ಕಾಲೇಜಿನ ವೈವಾದ ಹಿಂದಿನ ಸಂಜೆ ಬಂತು, ಅದೂ ನನ್ನ ಹೆಸರಿನಲ್ಲಿ ಒಂದಕ್ಷರ ತಪ್ಪಾಗಿ.