ಆಟ ನೋಡಲೂ ಆಡಲೂ ಪ್ಲಾಸ್ಮಾ ಟಿವಿ: ಮುಂಬಯಿಯಲ್ಲಿ ಈಗ ಕೊಳ್ಳಬಹುದೇ?

ಪ್ಲಾಸ್ಮಾ ಟಿವಿ ಈಗ ಹೊಸದಾಗಿ ಎಲ್ಲಿಯೂ ಸಿಗುವುದಿಲ್ಲ. ಪ್ಯಾನಾಸೋನಿಕ್ 2013ರ ಕೊನೆಯಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿತು. ಸ್ಯಾಮ್‌ಸಂಗ್ ಮತ್ತು ಎಲ್‌ಜಿ 2014ರಲ್ಲಿ ಅದೇ ದಾರಿ ಹಿಡಿದವು. ಆದರೂ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಒಳಗಲ್ಲಿಗಳಲ್ಲಿ, ಉಪನಗರಗಳ ರಿಪೇರಿ ಅಂಗಡಿಗಳಲ್ಲಿ 42 ಅಥವಾ 50 ಇಂಚಿನ ಹಳೆಯ ಸೆಟ್ಟುಗಳು ಆಗೊಮ್ಮೆ ಈಗೊಮ್ಮೆ ಕಣ್ಣಿಗೆ ಬೀಳುತ್ತವೆ, ಮತ್ತು ಕಡಿಮೆ ಬೆಲೆಗೆ ಅಷ್ಟು ದೊಡ್ಡ ಪರದೆ ಸಿಗುತ್ತದೆಂದು ನಮ್ಮ ಕನ್ನಡ ಬಳಗದ ಹುಡುಗರು ಅವುಗಳ ಬಗ್ಗೆ ವಿಚಾರಿಸುತ್ತಿರುತ್ತಾರೆ. ಡೊಂಬಿವಲಿಯ ನಮ್ಮ ಮನೆಯಲ್ಲಿ 2013ರ ಮಾದರಿಯ 50 ಇಂಚಿನ ಪ್ಲಾಸ್ಮಾ ಇಂದಿಗೂ ನಡೆಯುತ್ತಿದೆ. ಪಕ್ಕದ ಬಿಲ್ಡಿಂಗಿನ ತಂಗಿಯ ಮನೆಯಲ್ಲಿ 55 ಇಂಚಿನ ಓಎಲ್‌ಇಡಿ ಇದೆ. ಎರಡರಲ್ಲೂ ಪಂದ್ಯಗಳನ್ನು ನೋಡಿ, ತಂಗಿಯ ಮಗನ ಜೊತೆ ಎರಡರಲ್ಲೂ ಗೇಮ್ ಆಡಿ ನನಗೆ ಖಚಿತವಾಗಿರುವ ವಿಷಯ ಇಷ್ಟು: ಆಟ ನೋಡುವುದಕ್ಕೆ ಒಳ್ಳೆಯ ಪ್ಲಾಸ್ಮಾ ಈಗಲೂ ಯಾರಿಗೂ ಕಡಿಮೆಯಿಲ್ಲ, ಆಡುವುದಕ್ಕೆ ಮಾತ್ರ ಅದನ್ನು ಷರತ್ತಿನ ಮೇಲೆ ಒಪ್ಪಿಕೊಳ್ಳಬೇಕು.

ನೋಡುವ ವಿಚಾರದಲ್ಲಿ ಅದರ ಬಲವಿರುವುದು ಚಲನೆಯಲ್ಲಿ. ಎಲ್‌ಸಿಡಿ ಆಗಲಿ ಓಎಲ್‌ಇಡಿ ಆಗಲಿ, ಒಂದು ಚಿತ್ರವನ್ನು ಮುಂದಿನದು ಬರುವವರೆಗೂ ಹಾಗೆಯೇ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಕ್ರೀಡಾ ಚಾನೆಲ್‌ಗಳ ಎಚ್‌ಡಿ ಪ್ರಸಾರದಲ್ಲಿ ಸೆಕೆಂಡಿಗೆ 50 ಚಿತ್ರಗಳ ಲೆಕ್ಕ, ಅಂದರೆ ಒಂದೊಂದೂ 20 ಮಿಲಿಸೆಕೆಂಡು ಪರದೆಯ ಮೇಲೆ ನಿಲ್ಲುತ್ತದೆ. ಕವರ್ ಡ್ರೈವ್ ಹೊಡೆದ ಚೆಂಡು ಬೌಂಡರಿಯತ್ತ ಓಡುವಾಗ ನಮ್ಮ ಕಣ್ಣು ಅದರ ಜೊತೆಗೇ ಜಾರುತ್ತಾ ಹೋಗುತ್ತದೆ, ಆದರೆ ಪರದೆಯ ಮೇಲಿನ ಚೆಂಡು ಆ 20 ಮಿಲಿಸೆಕೆಂಡು ನಿಂತಲ್ಲೇ ನಿಂತಿರುತ್ತದೆ. ಈ ಎಳೆದಾಟವೇ ಮಸುಕಾಗಿ ಕಾಣುತ್ತದೆ. ಪ್ಲಾಸ್ಮಾದ ಪ್ರತಿ ಪುಟ್ಟ ಕೋಶದಲ್ಲಿ ನಿಯಾನ್ ಮತ್ತು ಕ್ಸೆನಾನ್ ಅನಿಲಗಳ ಮಿಶ್ರಣವಿರುತ್ತದೆ. ವಿದ್ಯುತ್ ಹಾಯಿಸಿದಾಗ ಅದರಿಂದ ಹೊರಡುವ ನೇರಳಾತೀತ ಕಿರಣಗಳು ಫಾಸ್ಫರ್ ಲೇಪನಕ್ಕೆ ತಗುಲಿ ಬೆಳಕು ಹುಟ್ಟುತ್ತದೆ, ಮತ್ತು ಆ ಬೆಳಕು ಸಣ್ಣ ಸಣ್ಣ ಮಿಡಿತಗಳಾಗಿ ಬಂದು ಆರಿಹೋಗುತ್ತದೆ. ಹೀಗಾಗಿ ಓಡುವ ಚೆಂಡಿನ ಅಂಚು, ಫೀಲ್ಡರ್‌ನ ಜರ್ಸಿಯ ಮೇಲಿನ ಸಂಖ್ಯೆ, ಫುಟ್‌ಬಾಲ್‌ನಲ್ಲಿ ಕ್ಯಾಮೆರಾ ಒಂದು ಬದಿಯಿಂದ ಇನ್ನೊಂದು ಬದಿಗೆ ತಿರುಗುವಾಗಿನ ಹುಲ್ಲಿನ ಪಟ್ಟೆಗಳು ಕದಡದೆ ಉಳಿಯುತ್ತವೆ. ಆ ಕಾಲದ ಡಬ್ಬಿಗಳ ಮೇಲೆ ಅಚ್ಚಾಗಿರುತ್ತಿದ್ದ 600 ಹರ್ಟ್ಸ್ ಎಂಬ ಸಂಖ್ಯೆಯಿಂದ ಸೆಕೆಂಡಿಗೆ 600 ಬೇರೆ ಬೇರೆ ಚಿತ್ರಗಳು ಬರುತ್ತವೆಂದು ತಿಳಿಯಬಾರದು. ಸೆಕೆಂಡಿನ 60 ಫ್ರೇಮ್‌ಗಳಲ್ಲಿ, ಅಂದರೆ ಬಿಡಿ ಚಿತ್ರಗಳಲ್ಲಿ, ಪ್ರತಿಯೊಂದನ್ನೂ 10 ಮಿಡಿತದ ಹಂತಗಳಾಗಿ ಒಡೆದು ತೋರಿಸುವ ಲೆಕ್ಕ ಅದು.

ಆದರೆ ಈ ಹೊಗಳಿಕೆ ಸಂಜೆಯ ಮತ್ತು ರಾತ್ರಿಯ ಪಂದ್ಯಗಳಿಗೆ ಸಲ್ಲುತ್ತದೆ. ಪರದೆ ತುಂಬ ಬೆಳಕಿನ ದೃಶ್ಯವಿದ್ದಾಗ ಪ್ಲಾಸ್ಮಾ ವಿದ್ಯುತ್ತಿನ ಮಿತಿಗೆ ಕಟ್ಟುಬಿದ್ದು ತಾನಾಗಿಯೇ ಹೊಳಪನ್ನು ತಗ್ಗಿಸುತ್ತದೆ. ಬಿಸಿಲು ಬಿದ್ದ ಮೈದಾನ, ಬಿಳಿ ಉಡುಪಿನ ಆಟಗಾರರು, ಅಂದರೆ ಟೆಸ್ಟ್ ಪಂದ್ಯದ ಹಗಲು, ಅದಕ್ಕೆ ಅತ್ಯಂತ ಕಷ್ಟದ ದೃಶ್ಯ. ಅದರ ಮೇಲೆ ಮುಂದಿನ ಗಾಜು ಹೊಳಪಿನದು. ಪಶ್ಚಿಮಕ್ಕೆ ಕಿಟಕಿಯಿರುವ ಫ್ಲ್ಯಾಟುಗಳಲ್ಲಿ ಚಹಾ ವಿರಾಮದ ನಂತರದ ಆಟಕ್ಕಿಂತ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗಳ ಪ್ರತಿಬಿಂಬವೇ ಪರದೆಯಲ್ಲಿ ಹೆಚ್ಚು ಚೆನ್ನಾಗಿ ಕಾಣುತ್ತದೆ. ಕೆಲವರ ಕಣ್ಣಿಗೆ 50 ಹರ್ಟ್ಸ್ ಪ್ರಸಾರದ ಬಿಳಿ ಭಾಗಗಳು ಮಿನುಗುವುದೂ ಉಂಟು. ನಮ್ಮ ಮನೆಯಲ್ಲಿ ಅತ್ತೆಯವರಿಗೆ ಅದು ಕಾಣುತ್ತದೆ, ನನಗೆ ಕಾಣುವುದಿಲ್ಲ. ಆದ್ದರಿಂದ ಟಿವಿ ನೋಡುವ ಎಲ್ಲರನ್ನೂ ಅಂಗಡಿಗೆ ಕರೆದುಕೊಂಡು ಹೋಗುವುದು ಒಳ್ಳೆಯದು.

ಗೇಮಿಂಗ್‌ನ ಮಾತು ಬೇರೆ. ಇಲ್ಲಿ ಎರಡು ಬಗೆಯ ವೇಗಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಕೋಶ ಎಷ್ಟು ಬೇಗ ಬಣ್ಣ ಬದಲಿಸುತ್ತದೆ ಎಂಬುದು ಒಂದು, ಕಂಟ್ರೋಲರ್‌ನ ಗುಂಡಿ ಒತ್ತಿದ ಮೇಲೆ ಅದರ ಫಲ ಪರದೆಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಪ್ಲಾಸ್ಮಾ ಚುರುಕು. ಎರಡನೆಯದು ಒಳಗಿನ ಚಿತ್ರ ಸಂಸ್ಕರಣೆಯನ್ನು ಅವಲಂಬಿಸಿದ್ದು, ಬಹಳ ಹೆಸರು ಮಾಡಿದ ಕೆಲವು ಮಾದರಿಗಳಲ್ಲಿಯೂ ಈ ವಿಳಂಬ ಗಣನೀಯವಾಗಿತ್ತು. 60 ಫ್ರೇಮ್‌ಗಳ ಗೇಮ್‌ನಲ್ಲಿ 50 ಮಿಲಿಸೆಕೆಂಡು ತಡವಾದರೆ ಮೂರು ಫ್ರೇಮ್ ಹಿಂದೆ ಬಿದ್ದಂತೆ. ಕ್ರಿಕೆಟ್ ಗೇಮ್‌ನಲ್ಲಿ ಬ್ಯಾಟ್ ಬೀಸುವ ಕ್ಷಣ ತಪ್ಪಲು, ಹೊಡೆದಾಟದ ಗೇಮ್‌ನಲ್ಲಿ ಏಟು ತಿನ್ನಲು ಅಷ್ಟು ಸಾಕು. ಗೇಮ್ ಮೋಡ್ ಹಾಕಿ, ಚಿತ್ರ ತಿದ್ದುವ ಎಲ್ಲ ಆಯ್ಕೆಗಳನ್ನು ಬಂದ್ ಮಾಡಿ, ನಿಮ್ಮದೇ ಕನ್ಸೋಲನ್ನು ಅಂಗಡಿಗೆ ಒಯ್ದು ನಿಮಗೆ ಕೈಪಳಗಿದ ಗೇಮನ್ನು ಆಡಿ ನೋಡದೆ ಹಣ ಕೊಡಬಾರದು.

ಹಳೆಯ ಮಾದರಿಗಳಲ್ಲಿ ಇನ್ನೊಂದು ಕುರುಹನ್ನು ಕಾಣಬಹುದು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ವಸ್ತು ವೇಗವಾಗಿ ಹಾದುಹೋದಾಗ ಅದರ ಹಿಂದೆ ಹಳದಿ ಮಿಶ್ರಿತ ಹಸಿರು ಎಳೆ, ಮುಂದೆ ತೆಳು ನೀಲಿ ಅಂಚು ಬರುತ್ತದೆ; ನೀಲಿ ಫಾಸ್ಫರ್ ಬೇಗ ಆರಿ, ಕೆಂಪು ಮತ್ತು ಹಸಿರು ತುಸು ತಡವಾಗಿ ಆರುವುದು ಇದಕ್ಕೆ ಕಾರಣ. 2010ರ ನಂತರ ತ್ರೀಡಿಗಾಗಿ ಬಂದ ಸೆಟ್ಟುಗಳಲ್ಲಿ ವೇಗವಾಗಿ ಆರುವ ಫಾಸ್ಫರ್ ಬಳಸಿದ್ದರಿಂದ ಇದು ಬಹಳ ಕಡಿಮೆ. ಆಯ್ಕೆಯಿದ್ದರೆ ಆ ನಂತರದ ಮಾದರಿಯನ್ನೇ ಹಿಡಿಯಿರಿ, ತ್ರೀಡಿ ನಿಮಗೆ ಬೇಡವಾದರೂ ಸರಿ.

ಪ್ಲೇಸ್ಟೇಷನ್ 3ರ ಕಾಲದ ಗೇಮ್‌ಗಳು ಪ್ಲಾಸ್ಮಾದಲ್ಲಿ ಚೆನ್ನಾಗಿ ಕಾಣುತ್ತವೆ. ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಇರುವವರಿಗೆ ನಾನು ಇದನ್ನು ಸೂಚಿಸಲಾರೆ, ಏಕೆಂದರೆ ಮನೆಬಳಕೆಯ ಪ್ಲಾಸ್ಮಾಗಳು ಫುಲ್ ಎಚ್‌ಡಿಯಲ್ಲೇ ನಿಂತವು. ಫೋರ್‌ಕೆ, ಎಚ್‌ಡಿಆರ್, 120 ಹರ್ಟ್ಸ್ ಯಾವುದೂ ಅವುಗಳಲ್ಲಿ ಇಲ್ಲ. ಸೆಕೆಂಡಿಗೆ 120 ಫ್ರೇಮ್ ಕೊಡುವ ಗೇಮ್‌ನಲ್ಲಿ ತಂಗಿಯ ಮನೆಯ ಓಎಲ್‌ಇಡಿಯ ಮುಂದೆ ನಮ್ಮ ಸೆಟ್ಟು ನಿಲ್ಲುವುದಿಲ್ಲ. ರಾತ್ರಿಯ ಐಪಿಎಲ್ ಪಂದ್ಯಕ್ಕೆ ತಂಗಿಯ ಮನೆಯವರು ನಮ್ಮಲ್ಲಿಗೆ ಬರುವುದೂ ಅಷ್ಟೇ ನಿಜ.

ಹಳೆಯದನ್ನು ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ, ಈ ಸೆಟ್ಟು ಎಲ್ಲಿಂದ ಬಂತು ಎಂಬುದು. ಈ ಊರಿನ ಬಾರ್‌ಗಳು, ಹೋಟೆಲುಗಳು ಮತ್ತು ಆಸ್ಪತ್ರೆಯ ಕಾಯುವ ಕೋಣೆಗಳಲ್ಲಿ ಒಂದೇ ಚಾನೆಲ್ ಬೆಳಗಿನಿಂದ ರಾತ್ರಿಯವರೆಗೆ ಓಡುತ್ತಿರುತ್ತದೆ. ಅಲ್ಲಿ ದುಡಿದ ಪ್ಲಾಸ್ಮಾದ ಕೆಳಭಾಗದಲ್ಲಿ ಸುದ್ದಿಪಟ್ಟಿಯ ಅಥವಾ ಸ್ಕೋರ್‌ಪಟ್ಟಿಯ ಅಚ್ಚು, ಮೇಲಿನ ಮೂಲೆಯಲ್ಲಿ ಚಾನೆಲ್‌ನ ಗುರುತು ಶಾಶ್ವತವಾಗಿ ಕೂತಿರುತ್ತದೆ. ಸಾಮಾನ್ಯ ದೃಶ್ಯಗಳಲ್ಲಿ ಇದು ಅಡಗಿಕೊಳ್ಳುವುದರಿಂದ ಅಂಗಡಿಯವರು ಬಣ್ಣಬಣ್ಣದ ಹಾಡನ್ನು ಹಾಕಿ ತೋರಿಸುತ್ತಾರೆ. ನೀವು ಪೆನ್‌ಡ್ರೈವ್‌ನಲ್ಲಿ ಪೂರ್ತಿ ಕೆಂಪು, ಹಸಿರು, ನೀಲಿ, ಬೂದು ಮತ್ತು ಬಿಳಿ ಚಿತ್ರಗಳನ್ನು ಒಯ್ದು ಒಂದೊಂದಾಗಿ ಹಾಕಿ ನೋಡಿ; ಅಂಗಡಿಯ ದೀಪ ಆರಿಸಲು ಹೇಳಲು ಸಂಕೋಚ ಬೇಡ. ಬೂದು ಪರದೆಯ ಮೇಲೆ ಕೆಳಗೆ ಅಡ್ಡಪಟ್ಟಿಯಂಥ ನೆರಳು ಕಂಡರೆ ಬೆಲೆ ಎಷ್ಟೇ ಇಳಿದರೂ ಬಿಟ್ಟು ಬರಬೇಕು. ನಮ್ಮ ಸೆಟ್ಟನ್ನು ರಿಪೇರಿ ಮಾಡಿಕೊಟ್ಟ ವಿಜಯಪುರದ ಕಡೆಯ ಮೆಕ್ಯಾನಿಕ್ ಹೇಳಿದ್ದೂ ಇದನ್ನೇ: "ಪೆನಲ್ ಒಂದ್ ಚೊಲೋ ಐತೇನ್ ನೋಡ್ರಿ ಸರ, ಬೋರ್ಡ್ ಎಲ್ಲಿಂದಾದ್ರೂ ತಂದ್ ಹಾಕ್ಬಹುದು." ಪರದೆಯ ಕೋಶಗಳಿಗೆ ವಿದ್ಯುತ್ ಮಿಡಿತ ಕೊಡುವ ವೈ-ಸಸ್ಟೇನ್ ಬೋರ್ಡ್, ಪವರ್ ಸಪ್ಲೈ ಕೆಟ್ಟರೆ ಗುಜರಿಗೆ ಬಂದ ಸೆಟ್ಟುಗಳಿಂದ ಕಳಚಿ ಜೋಡಿಸುವವರು ಇನ್ನೂ ಇದ್ದಾರೆ, ಪೆನಲ್, ಅಂದರೆ ಪರದೆಯ ಗಾಜಿನ ಫಲಕ, ಹೋದರೆ ಸೆಟ್ಟೇ ಹೋದಂತೆ.

ಕರೆಂಟಿನ ಖರ್ಚು ದೃಶ್ಯದ ಹೊಳಪಿನ ಜೊತೆ ಏರಿಳಿಯುತ್ತದೆ. ಸರಾಸರಿ 200 ವ್ಯಾಟ್ ಎಂದು ಹಿಡಿದು ದಿನಕ್ಕೆ ನಾಲ್ಕು ಗಂಟೆ ನೋಡಿದರೆ ತಿಂಗಳಿಗೆ 24 ಯೂನಿಟ್ ಆಗುತ್ತದೆ. 50 ಇಂಚಿನ ಸೆಟ್ಟು 20 ಕಿಲೋ ದಾಟುತ್ತದೆ. ಟೆಂಪೋದಲ್ಲಿ ನೆಟ್ಟಗೆ ನಿಲ್ಲಿಸಿಯೇ ತರಬೇಕು, ಮಲಗಿಸಿದರೆ ಗಾಜಿಗೆ ಅಪಾಯ.

ಮನೆಗೆ ತಂದ ಮೇಲೆ ಚಿತ್ರದ ಮೋಡ್ ವಿವಿಡ್‌ನಲ್ಲಿದ್ದರೆ ಸಿನೆಮಾ ಅಥವಾ ಸ್ಟ್ಯಾಂಡರ್ಡ್‌ಗೆ ಇಳಿಸಿ, ಅಚ್ಚು ಬೀಳದಂತೆ ಚಿತ್ರವನ್ನು ಆಗಾಗ ತುಸು ಸರಿಸುವ ಪಿಕ್ಸೆಲ್ ಆರ್ಬಿಟರ್ ಸೌಲಭ್ಯವಿದ್ದರೆ ಅದನ್ನು ಸದಾ ಚಾಲೂ ಇಡಬೇಕು. ಜೀವದ ಪಟ್ಟಿ, ನಕ್ಷೆ, ಗುಂಡುಗಳ ಲೆಕ್ಕ ಒಂದೇ ಜಾಗದಲ್ಲಿ ನಿಲ್ಲುವ ಗೇಮ್‌ಗಳಲ್ಲಿ ಅವುಗಳನ್ನು ಮಸುಕು ಮಾಡುವ ಅಥವಾ ಅಡಗಿಸುವ ಆಯ್ಕೆ ಇದ್ದರೆ ಬಳಸಿಕೊಳ್ಳಬೇಕು, ಮತ್ತು ಗೇಮನ್ನು ನಡುವೆ ನಿಲ್ಲಿಸಿಟ್ಟು ಊಟಕ್ಕೆ ಏಳಬಾರದು. ಮಸುಕಾದ ಗುರುತು ಉಳಿದಂತೆ ಕಂಡರೆ ಗಾಬರಿಯಾಗದೆ ಪರದೆ ತುಂಬುವ, ಸತತವಾಗಿ ಬದಲಾಗುವ ದೃಶ್ಯಗಳನ್ನು ಒಂದೆರಡು ಗಂಟೆ ಓಡಿಸಿ. ಹೊಸದಾಗಿ ಬಿದ್ದ ಗುರುತಾದರೆ ಸಾಮಾನ್ಯವಾಗಿ ಅಷ್ಟರಲ್ಲಿ ಅಳಿಸಿಹೋಗುತ್ತದೆ.